ರಾಮಾಂಜಿನಪ್ಪ ಮುಟ್ಟಿಸದ ಕಾಗದ

ಸಾಸಲಿನಲ್ಲಿ ಮುನಿವೆಂಕಟಮ್ಮ ಎಂಬ ಹೆಸರಿನವರು ಐದು ಜನ ಇದ್ದರು. ಕಾಗದದ ಮೇಲೆ ಬರೀ ‘ಮುನಿವೆಂಕಟಮ್ಮ, ಸಾಸಲು’ ಎಂದು ಗೀಚಿ ಕೈ ತೊಳೆದುಕೊಳ್ಳುವ ಪುಣ್ಯಾತ್ಮರಿಗೇನೂ ಕೊರತೆಯಿರಲಿಲ್ಲ. ಅಂಥ ಕಾಗದ ಬಂದ ದಿನ ಪೋಸ್ಟ್ ರಾಮಾಂಜಿನಪ್ಪ ಮೊದಲು ಕಳಿಸಿದವನನ್ನು ಮನಸಾರೆ ಬೈಯುತ್ತಿದ್ದ, ಆಮೇಲೆ ಸೈಕಲ್ ಹತ್ತಿ ಐದೂ ಮನೆಗೆ ಹೋಗುತ್ತಿದ್ದ. “ಮಾಲೂರ್ ಕಡೆ ನಿಮ್ಗೆ ಯಾರಾದ್ರೂ ನೆಂಟ್ರು ಅವ್ರೇನಮ್ಮ?” ಎಂದು ಬಾಗಿಲಲ್ಲೇ ನಿಂತು ವಿಚಾರಿಸಿ, ಸರಿಯಾದ ಮುನಿವೆಂಕಟಮ್ಮನ ಕೈಗೆ ಕಾಗದ ಇಟ್ಟ ಮೇಲೆಯೇ ಅವನಿಗೆ ಮಧ್ಯಾಹ್ನದ ಮುದ್ದೆ ಗಂಟಲಲ್ಲಿ ಇಳಿಯುತ್ತಿದ್ದದ್ದು. ಮೂವತ್ತೆಂಟು ವರ್ಷ ಅವನು ಆ ಊರಿನ, ಸುತ್ತಲ ಹಳ್ಳಿಗಳ ಟಪಾಲು ಹಂಚಿದ. ಒಂದೇ ಒಂದು ಕಾಗದ ಕಳೆಯಲಿಲ್ಲ. ಇದನ್ನು ಅವನೇ ಹೇಳಿಕೊಳ್ಳುತ್ತಿದ್ದ, ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಳ್ಳುತ್ತಿದ್ದ. ನಿಜವಾದ್ದರಿಂದ ಯಾರೂ ತಕರಾರು ಮಾಡುತ್ತಿರಲಿಲ್ಲ.

ಅವನ ಕೋಪವೂ ಊರಿಗೆಲ್ಲ ಗೊತ್ತಿದ್ದದ್ದೇ. ಮಳೆಗೆ ಕಾಗದ ನೆನೆದರೆ ಕೋಪ, ಕರೆದ ಕೂಡಲೇ ಮನೆಯವರು ಹೊರಗೆ ಬರದಿದ್ದರೆ ಕೋಪ, ನಾಯಿ ಬಿಚ್ಚಿ ಬಿಟ್ಟವರ ಮೇಲಂತೂ ವರ್ಷಗಟ್ಟಲೆ ಕೋಪ. ಓದು ಬಾರದವರಿಗೆ ಕಾಗದ ಓದಿ ಹೇಳುವಾಗ ಮಾತ್ರ ಅವನ ದನಿ ಮೆತ್ತಗಾಗುತ್ತಿತ್ತು. ಐವರಲ್ಲಿ ಕೆರೆ ಏರಿಯ ಕೆಳಗೆ ತೋಟ ಇದ್ದ ಮುನಿವೆಂಕಟಮ್ಮನಿಗೆ ಹೆಸರು ಬರೆಯುವುದೊಂದು ಬಿಟ್ಟರೆ ಅಕ್ಷರ ಬಾರದು. ತವರಿನ ಲಗ್ನಪತ್ರಿಕೆಯಿಂದ ಹಿಡಿದು ಗಂಡ ಸತ್ತಾಗ ಬಂದ ವಿಮೆಯ ಕಾಗದದವರೆಗೆ ಅವಳಿಗೆ ಎಲ್ಲವನ್ನೂ ಓದಿ ಹೇಳಿದ್ದು ಅವನೇ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಕಾಗದ ಈಸಿಕೊಳ್ಳುವಳು, ಬೇಕಾದಲ್ಲಿ ಸಹಿ ಹಾಕುವಳು, ಹಾಗೇ ಅವನ ಕೈಗೆ ವಾಪಸ್ ಕೊಟ್ಟು ಕಂಬಕ್ಕೆ ಒರಗಿ ಕೂರುವಳು.

ಅರವತ್ತೈದಕ್ಕೆ ಕೆಲಸ ಮುಗಿಯಿತು. ದೊಡ್ಡಬಳ್ಳಾಪುರದ ಬಟ್ಟೆ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದ ಸೊಸೆ ರಮ್ಯಶ್ರೀ, ಮಾವನ ನಿವೃತ್ತಿಯ ಕಾಗದಪತ್ರಕ್ಕೆಂದು ಅವನ ಫೋನಿನಲ್ಲಿ ಒಂದು ಇಮೇಲ್ ವಿಳಾಸ ಮಾಡಿಕೊಟ್ಟಳು. ಅದು ಅವನೊಬ್ಬನದಾಗಿ ಉಳಿದದ್ದು ಹೆಚ್ಚೆಂದರೆ ಒಂದು ತಿಂಗಳು. ಈಗ ಯಾವ ಅರ್ಜಿ ತುಂಬಲು ಹೋದರೂ ಇಮೇಲ್ ಎಂದು ಬರೆದ ಕಡೆ ಒಂದು ಕೆಂಪು ಚುಕ್ಕಿ ಕೂತಿರುತ್ತದೆ. ಅಲ್ಲಿ ಏನಾದರೂ ತುಂಬದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳ ಮೇಯಿಸುವ ಹೆಂಗಸಿಗೆ ಇಮೇಲ್ ಎಲ್ಲಿಂದ ಬರಬೇಕು ಎಂದು ಆ ಚುಕ್ಕಿ ಇಟ್ಟ ಮಹಾನುಭಾವ ಯೋಚಿಸಿರಲಾರ. ಊರಿನವರು ತಮಗೆ ಗೊತ್ತಿದ್ದ ದಾರಿ ಹಿಡಿದರು. “ಪೋಸ್ಟ್ ರಾಮಾಂಜಿನಪ್ಪನ್ದು ಹಾಕಿ ಸಾರ್, ನಮ್ ಕಾಗ್ದ ಎಲ್ಲಾ ಅವ್ನೇ ತಂದ್ಕೊಡೋದು” ಎಂದರು. ಗ್ಯಾಸು, ಬೆಳೆ ವಿಮೆ, ಮಕ್ಕಳ ಪರೀಕ್ಷೆ, ಎಲ್ಲಕ್ಕೂ ಅವನ ವಿಳಾಸವೇ ಆಯಿತು. ವರ್ಷ ತುಂಬುವುದರೊಳಗೆ ಅರವತ್ತು ಮನೆಯ ಟಪಾಲು ಒಂದೇ ಫೋನಿಗೆ ಬಂದು ಬೀಳತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದುಬಿಡುತ್ತಿದ್ದರು. ರಾಮಾಂಜಿನಪ್ಪನಿಗೆ ಹೋದ ಜೀವ ಬಂದಂತಾಯಿತು. ಹಿಂದೆ ಟಪಾಲು ಚೀಲ ಬರುತ್ತಿದ್ದ ಹೊತ್ತಿಗೇ, ಬೆಳಗ್ಗೆ ಹತ್ತಕ್ಕೆ, ಕನ್ನಡಕ ಹಾಕಿ ಜಗುಲಿಯ ಮೇಲೆ ಕೂರುವನು. ಬಂದದ್ದನ್ನೆಲ್ಲ ಮನೆವಾರು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಸೈಕಲ್ ಹತ್ತುವನು. “ಫೋನ್ ಮಾಡಿ ಹೇಳ್ಬೋದಲ್ಲ ಮಾವ” ಎಂದು ರಮ್ಯಶ್ರೀ ಒಮ್ಮೆ ಅಂದದ್ದಕ್ಕೆ, “ಟಪಾಲು ಅಂದ್ರೆ ಮನೆಗೋಗಿ ಕೊಡೋದು ಕಣಮ್ಮ” ಎಂದು ಸಿಡುಕಿದ.

ಹೀಗಿರುವಾಗ ಊರ ಪಕ್ಕ ಹೊಸ ರಸ್ತೆ ಬರುತ್ತದೆಂದಾಯಿತು. ಹದಿನಾಲ್ಕು ಜನರ ಜಮೀನು ಹೋಗುತ್ತಿತ್ತು, ಹದಿಮೂರು ಜನ ಒಪ್ಪಿದರು. ಒಪ್ಪದವಳು ಕೆರೆ ಏರಿ ಕೆಳಗಿನ ಮುನಿವೆಂಕಟಮ್ಮ ಒಬ್ಬಳೇ. ಅವಳು ರಸ್ತೆಯೇ ಬೇಡವೆಂದವಳಲ್ಲ. ಆ ರಸ್ತೆ ನೆಟ್ಟಗೆ ಅವಳ ಬಾವಿಯ ಮೇಲೆ ಬರುತ್ತಿತ್ತು; ಪೂರ್ವಕ್ಕೆ ನಲವತ್ತು ಅಡಿ ಸರಿಸಿದರೆ ಸರ್ಕಾರದ್ದೇ ಖರಾಬು ಜಾಗ, ಕಳ್ಳಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಬಾವಿಯನ್ನು ಅವಳೂ ಗಂಡನೂ ಮದುವೆಯಾದ ವರ್ಷ ತಾವೇ ತೋಡಿದ್ದರು. ಅವನು ಅಗೆದ ಮಣ್ಣನ್ನು ಮಂಕರಿಯಲ್ಲಿ ಹೊತ್ತು ಮೇಲೆ ತಂದವಳು ಅವಳು. ಸುತ್ತಲ ಕೊಳವೆಬಾವಿಗಳು ಸಾವಿರದಿನ್ನೂರು ಅಡಿಗೂ ಬರೀ ದೂಳು ಕಾರುವಾಗ ಅದರಲ್ಲಿ ನೀರು ನಿಲ್ಲುತ್ತಿತ್ತು. ಬಾವಿ ಮುಚ್ಚಿದರೆ ಅವಳ ಸೊಪ್ಪಿನ ತೋಟ ಮುಗಿಯಿತು, ತೋಟ ಮುಗಿದರೆ ಅವಳ ಬದುಕೂ ಮುಗಿಯಿತು. ಅವಳ ಪರವಾಗಿ ಆಕ್ಷೇಪಣೆ ಬರೆದುಕೊಟ್ಟವನು ರಾಮಾಂಜಿನಪ್ಪ. ವಿಚಾರಣೆಗೆ ಕರೆಯುತ್ತೇವೆ, ಇಮೇಲ್ ಬರುತ್ತದೆ ಎಂದರು ಭೂಸ್ವಾಧೀನ ಕಚೇರಿಯವರು. ಒಪ್ಪಿಗೆಯದಿರಲಿ ಆಕ್ಷೇಪಣೆಯದಿರಲಿ, ಹದಿನಾಲ್ಕು ಜನರ ಅರ್ಜಿಯಲ್ಲೂ ಇದ್ದದ್ದು ಒಂದೇ ವಿಳಾಸ.

ಆ ಕಚೇರಿಯಿಂದ ಇಮೇಲೇನೋ ಬಂತು. ‘ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ? ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?’ ಹದಿನಾಲ್ಕು ಹೆಸರಿಗೆ ಹದಿನಾಲ್ಕು. ಜಮೀನು ಕಳೆದುಕೊಳ್ಳುವವರ ಹತ್ತಿರ ನಕ್ಷತ್ರ ಕೇಳುವುದಕ್ಕೆ ಎಷ್ಟು ದಪ್ಪ ಚರ್ಮ ಬೇಕೋ. ಆದರೂ ಟಪಾಲು ಟಪಾಲೇ ಎಂದು ರಾಮಾಂಜಿನಪ್ಪ ಹದಿನಾಲ್ಕೂ ಮನೆಗೆ ಹೋಗಿ ಓದಿ ಹೇಳಿ ಬೈಸಿಕೊಂಡ. “ನಕ್ಷತ್ರ ಒಂದೇ ಯಾಕಪ್ಪಾ, ಜಾತ್ಕನೇ ಕಳ್ಸಿಬಿಡು” ಎಂದು ಆ ಹದಿನಾಲ್ವರಲ್ಲಿ ಒಬ್ಬನಾದ ಅಪ್ಪಯ್ಯಣ್ಣ ಎಲೆಅಡಿಕೆ ಉಗಿದ. ಎರಡನೆಯ ವಾರ ಮತ್ತೆ ಹದಿನಾಲ್ಕು ಬಂದವು.

ಮೂರನೆಯ ವಾರವೂ ಬಂದಾಗ ರಾಮಾಂಜಿನಪ್ಪನ ಪಿತ್ತ ನೆತ್ತಿಗೇರಿತು. ಫೋನನ್ನು ತಡಕಾಡಿದಾಗ ‘ಸ್ಪ್ಯಾಮ್ ಎಂದು ವರದಿ ಮಾಡಿ’ ಎಂಬ ಗುಂಡಿ ಕಣ್ಣಿಗೆ ಬಿತ್ತು. ಟಪಾಲಿನ ಕೆಲಸದಲ್ಲಿ ಇಂಥದ್ದಕ್ಕೊಂದು ಪದ್ಧತಿಯಿದೆ. ಕಾಗದ ಬೇಡವೆಂದು ಯಾರಾದರೂ ಹೇಳಿದರೆ, ಅದರ ಮೇಲೆ ‘ನಿರಾಕರಿಸಿದ್ದಾರೆ’ ಎಂದು ಬರೆದು ಕಳಿಸಿದವರಿಗೇ ವಾಪಸ್ ಹಾಕುತ್ತಾರೆ. ಆ ಒಂದು ಕಾಗದದ ಕತೆ ಅಲ್ಲಿಗೆ ಮುಗಿಯಿತು. ನಾಳೆ ಅದೇ ಜಾಗದಿಂದ ಇನ್ನೊಂದು ಬಂದರೆ ಅದನ್ನು ಮನೆಗೆ ಒಯ್ಯಲೇಬೇಕು. ಈ ಗುಂಡಿಯೂ ಅದೇ ಕೆಲಸದ್ದು ಎಂದುಕೊಂಡ ರಾಮಾಂಜಿನಪ್ಪ ಹದಿನಾಲ್ಕನ್ನೂ ಒಂದೊಂದಾಗಿ ಒತ್ತಿದ. ಮುಂದಿನ ವಾರದಿಂದ ನಕ್ಷತ್ರದ ಕಾಟ ತಪ್ಪಿತು. ವಾಪಸ್ ಕಳಿಸಿದ್ದು ಅವರಿಗೆ ಸರಿಯಾಗಿ ನಾಟಿದೆ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದ.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಮುನಿವೆಂಕಟಮ್ಮ ಏದುಸಿರು ಬಿಡುತ್ತ ಜಗುಲಿಗೆ ಬಂದಳು. ಅಳತೆಯವರು ಅವಳ ಬಾವಿಕಟ್ಟೆಗೆ ಕೆಂಪು ಬಣ್ಣ ಬಳಿದು ಹೋಗಿದ್ದರು.

“ವಿಚಾರ್ಣೆಗೆ ಕರೀತೀವಿ ಅಂದಿದ್ರಲ್ಲಣ್ಣ. ಕಾಗ್ದ ಏನಾರ ಬಂದಿತ್ತಾ?”

“ಬಂದಿದ್ರೆ ನಾನ್ ತಂದ್ಕೊಡ್ದೆ ಇರ್ತಿದ್ನಾ? ನಡೀ, ಕೇಳೇಬಿಡಾನ.”

ಇಬ್ಬರೂ ಬಸ್ಸು ಹತ್ತಿ ತಾಲ್ಲೂಕು ಪಟ್ಟಣದ ಕಚೇರಿಗೆ ಹೋದರು. ಕಡತ ನೋಡಿಕೊಳ್ಳುವ ಶ್ರೀಧರ್ ಎಂಬ ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿ, ತಲೆ ಎತ್ತದೆ ಹೇಳಿದ: “ಹೋದ್ ತಿಂಗಳು ಐದನೇ ತಾರೀಕು ನೋಟೀಸ್ ಕಳ್ಸಿದೀವಿ. ಹತ್ತೊಂಬತ್ತಕ್ಕೆ ವಿಚಾರಣೆ ಇತ್ತು. ಇವ್ರು ಬಂದಿಲ್ಲ, ವಜಾ ಆಗಿದೆ.”

“ಯಾರ್ ಕೈಗೆ ಕೊಟ್ರಿ?”

“ಇಮೇಲ್‌ಗೆ ಸಾರ್. ಡೆಲಿವರಿ ಆಗಿದೆ ಅಂತ ತೋರಿಸ್ತಿದೆ.”

ಆ ಮಾತಿಗೆ ರಾಮಾಂಜಿನಪ್ಪನ ಮೈಯೆಲ್ಲ ಉರಿದುಹೋಯಿತು. “ಡೆಲಿವರಿ ಅಂದ್ರೆ ಏನು ಅಂತ ಗೊತ್ತೇನಪ್ಪಾ ನಿನ್ಗೆ? ಮನುಷ್ಯನ ಕೈಗಿಟ್ಟು ಸಹಿ ಈಸ್ಕೊಳೋದು. ಬಾಗ್ಲು ಹಾಕಿದ್ರೆ ಚೀಟಿ ಸಿಗ್ಸಿ ಬರೋದು, ನಾಳೆ ಹೋಗೋದು, ನಾಳಿದ್ದೂ ಹೋಗೋದು. ಮೂವತ್ತೆಂಟ್ ವರ್ಷ ಅದೇ ಮಾಡಿದೀನಿ ನಾನು. ನೀವು ಕಳ್ಸೇ ಇಲ್ಲ, ಸುಳ್ಳು ಬೊಗಳ್ತಿದೀರ.” ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುನಿವೆಂಕಟಮ್ಮನಿಗೂ ಧೈರ್ಯ ಬಂತು. “ಅವ್ನು ಕಾಗ್ದ ಕಳೆಯೋನಲ್ಲ ಸ್ವಾಮಿ” ಎಂದಳು.

ಶ್ರೀಧರ್ ಬೈಗುಳಕ್ಕೆ ಒಗ್ಗಿಹೋದವನು. ಫೋನ್ ಈಸಿಕೊಂಡು, ರಾಮಾಂಜಿನಪ್ಪ ಒಮ್ಮೆಯೂ ಇಣುಕಿ ನೋಡಿರದ ಸ್ಪ್ಯಾಮ್ ಎಂಬ ಮೂಲೆಯನ್ನು ತೆರೆದು ಅವನ ಮುಖದ ಮುಂದೆ ಹಿಡಿದ. ಸಾಲ ಕೊಡುತ್ತೇವೆನ್ನುವವರು, ಲಾಟರಿ ಹೊಡೆದಿದೆ ಎನ್ನುವವರು, ಬೊಕ್ಕತಲೆಗೆ ಎಣ್ಣೆ ಮಾರುವವರು ಸಾಲಾಗಿ ಕೂತಿದ್ದರು. ಅವರ ನಡುವೆ ‘ವಿಚಾರಣಾ ನೋಟೀಸು: ಶ್ರೀಮತಿ ಮುನಿವೆಂಕಟಮ್ಮ’ ಎಂದಿತ್ತು.

“ಮಿಷನ್ನೇ ಅಲ್ಲಿಗೆ ಹಾಕ್ಬಿಡುತ್ತೆ ಸಾರ್, ದಿನಾ ನೋಡ್ಕೋಬೇಕು ನೀವು. ಮೂವತ್ತು ದಿನದೊಳಗೆ ಮರುವಿಚಾರಣೆಗೆ ಅರ್ಜಿ ಕೊಡ್ಬೋದು. ಇನ್ನು ನಾಲ್ಕು ದಿನ ಇದೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ರಾಮಾಂಜಿನಪ್ಪ ಊರು ಬರುವವರೆಗೂ ಹಲ್ಲು ಕಡಿಯುತ್ತಲೇ ಇದ್ದ. ಯಾವ ಕಾಗದ ಕಸ, ಯಾವುದು ಅಲ್ಲ ಎಂದು ಹೇಳಬೇಕಾದವರು ಅದನ್ನು ಓದಬೇಕಾದವರು. ಹಂಚುವವನಿಗೆ ಆ ಅಧಿಕಾರ ಕೊಟ್ಟವರು ಯಾರು? ಅವನು ಒಂದು ದಿನ ಹೀಗೆ ಮಾಡಿದ್ದರೂ ಕೆಲಸದಿಂದ ಕಿತ್ತು ಒಗೆಯುತ್ತಿದ್ದರು. ಈ ಫೋನು ಊರವರ ಟಪಾಲನ್ನು ತಾನೇ ಜಾಲಾಡಿ, ತನಗೆ ಬೇಡವಾದದ್ದನ್ನು ಬಚ್ಚಿಟ್ಟು, ನಿಮ್ಮದೊಂದು ಕಾಗದ ತಡೆದಿದ್ದೇನೆ ಎಂದು ಒಂದು ಚೀಟಿ ಕೂಡ ಕೊಡದೆ, ಏನೂ ಬಂದಿಲ್ಲವೆಂಬ ಮುಖ ಮಾಡಿಕೊಂಡು ಕೂತಿತ್ತು. ಕಳ್ಳನಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಅವನು ಗಟ್ಟಿಯಾಗಿಯೇ ಕೇಳಿದ. “ಮಿಷನ್ ಮಾಡಿದ್ದಕ್ಕೆ ನೀನೇನ್ ಮಾಡ್ತೀಯ ಬಿಡಣ್ಣ” ಎಂದು ಮುನಿವೆಂಕಟಮ್ಮನೇ ಅವನನ್ನು ಸಮಾಧಾನ ಮಾಡಿದಳು.

ಸಂಜೆ ರಮ್ಯಶ್ರೀ ಕೆಲಸದಿಂದ ಬಂದು ಫೋನ್ ನೋಡಿದಳು. “ಮಾವ, ಈ ಆಫೀಸಿನ ಮೇಲನ್ನ ಯಾವತ್ತಾದ್ರೂ ಸ್ಪ್ಯಾಮ್ ಅಂತ ಒತ್ತಿದ್ರಾ?”

“ಹೂಂ. ವಾಪಸ್ ಕಳ್ಸಿದೆ.”

“ಅದು ವಾಪಸ್ ಹೋಗಲ್ಲ ಮಾವ. ಇವ್ರು ಕಳ್ಸೋದೆಲ್ಲಾ ಕಸ ಅಂತ ಫೋನ್‌ಗೆ ನೀವೇ ಹೇಳ್ಕೊಟ್ಟಂಗೆ. ಎಷ್ಟು ಸಲ ಒತ್ತಿದ್ರಿ?”

ಅವನು ಮೊದಲು ಸೊಸೆಯ ಮೇಲೆ ರೇಗಿದ, ಇದನ್ನೆಲ್ಲ ಮುಂಚೆಯೇ ಯಾಕೆ ಹೇಳಲಿಲ್ಲವೆಂದು. ಆಮೇಲೆ ಫೋನಿನ ಮೇಲೆ ರೇಗಿದ. ಆಮೇಲೆ ರೇಗಲು ಯಾರೂ ಉಳಿಯಲಿಲ್ಲ, ಮುದ್ದೆ ತಟ್ಟೆಯಲ್ಲೇ ಆರಿತು. ಸುಮ್ಮನಿದ್ದುಬಿಡಬಹುದಿತ್ತು. ಮುನಿವೆಂಕಟಮ್ಮ ಬಸ್ಸಿನಲ್ಲೇ ತಪ್ಪು ಅವನದಲ್ಲ ಎಂದುಬಿಟ್ಟಿದ್ದಳು, ಸೊಸೆ ಊರಲ್ಲಿ ಬಾಯಿ ಬಿಡುವವಳಲ್ಲ. ಹಾಗೆ ಯೋಚಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಬೆಳಗ್ಗೆ ತೋಟಕ್ಕೆ ಹೋದಾಗ ಅವಳು ಸೊಪ್ಪಿನ ಹೊರೆ ಕಟ್ಟುತ್ತಿದ್ದಳು. ಅವಳ ಹಿಂದೆ ಬಾವಿಕಟ್ಟೆಯ ಕೆಂಪು ಗೆರೆ ಇನ್ನೂ ಹಸಿಹಸಿಯಾಗಿ ಕಾಣುತ್ತಿತ್ತು. ಅವನು ಸೈಕಲ್ ಹಿಡಿದುಕೊಂಡೇ ನಿಂತು ಗುಂಡಿ ಒತ್ತಿದ್ದನ್ನು ಹೇಳಿದ. ಅವಳು ಹೊರೆ ಬಿಟ್ಟು ಎದ್ದು ನಿಂತಳು.

“ಅಂಗಾದ್ರೆ ಮಿಷನ್ ಮಾಡಿದ್ದಲ್ಲ.”

“ಮಿಷನ್ನೂ ಮಾಡ್ತು. ನಾನೂ ಮಾಡ್ದೆ.”

“ನಾನು ಮಿಷನ್‌ಗೆ ನನ್ ಕಾಗ್ದ ಒಪ್ಸಿರ್ಲಿಲ್ಲ” ಎಂದಳು ಮುನಿವೆಂಕಟಮ್ಮ. “ನಿನ್ಗೆ ಒಪ್ಸಿದ್ದೆ.” ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನೂ ಕೂಗಾಡಿ ಹಗುರವಾಗುತ್ತಿದ್ದ.

ಅವತ್ತೇ ಇಬ್ಬರೂ ಮತ್ತೆ ಕಚೇರಿಗೆ ಹೋದರು. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ಇವನು ಹಿಂದೆ ನಿಂತ. ಮರುವಿಚಾರಣೆಯ ಅರ್ಜಿಯನ್ನು ರಾಮಾಂಜಿನಪ್ಪ ಕೈಯಲ್ಲೇ ಬರೆದು ತಂದಿದ್ದ. ಶ್ರೀಧರ್ ಅದನ್ನು ಕಂಪ್ಯೂಟರಿಗೆ ಹಾಕುತ್ತ ಅರ್ಧಕ್ಕೆ ನಿಲ್ಲಿಸಿದ. “ಇಮೇಲ್? ಹಳೇದೇ ಹಾಕ್ಲಾ?”

“ಬ್ಯಾಡ” ಎಂದಳು ಮುನಿವೆಂಕಟಮ್ಮ.

“ಇಮೇಲ್ ಇಲ್ದೆ ಇದು ಮುಂದಕ್ಕೆ ಹೋಗಲ್ಲಮ್ಮ.”

ರಾಮಾಂಜಿನಪ್ಪ ಮೇಜು ಗುದ್ದಿದ. “ಈಯಮ್ಮ ಎದುರ್ಗೇ ನಿಂತವ್ರೆ. ತಾರೀಕು ಬರ್ದು ಕೈಗೆ ಕೊಟ್ರೆ ನಿಮ್ ಗಂಟೇನ್ ಹೋಗುತ್ತೆ? ಕೊಡೋವರ್ಗೂ ನಾವು ಇಲ್ಲಿಂದ ಅಲ್ಲಾಡಲ್ಲ.” ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು, ಅವನು ಅವರಿಗೂ ಬೈದ. ಕೊನೆಗೆ ಶ್ರೀಧರ್ ಎದ್ದು ಒಳಗೆ ಸಾಹೇಬರ ಹತ್ತಿರ ಹೋದ. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಇಮೇಲಿನ ಜಾಗದಲ್ಲಿ ತಮ್ಮ ಕಚೇರಿಯದೇ ವಿಳಾಸ ತುಂಬಿದ. ಅರ್ಜಿ ಮುಂದಕ್ಕೆ ಹೋಯಿತು. ವಿಚಾರಣೆಯ ನೋಟೀಸನ್ನು ಅಚ್ಚು ತೆಗೆದು, ಮೊಹರು ಒತ್ತಿ, ಮುನಿವೆಂಕಟಮ್ಮನ ಕಡೆಗೆ ಚಾಚಿದ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಕಾಗದ ಈಸಿಕೊಂಡಳು. ಶ್ರೀಧರ್ ತೋರಿಸಿದ ಕಡೆ ನಿಧಾನವಾಗಿ ಸಹಿ ಹಾಕಿದಳು. ಮೂವತ್ತೆಂಟು ವರ್ಷದ ಅಭ್ಯಾಸ, ರಾಮಾಂಜಿನಪ್ಪನ ಕೈ ಕಾಗದಕ್ಕೆಂದು ತಾನಾಗಿ ಮುಂದೆ ಹೋಯಿತು. ಅವಳು ಆ ಕೈಯನ್ನು ನೋಡಿದಳು. ನೋಡಿ, ನೋಟೀಸನ್ನು ಮತ್ತೆ ಮೇಜಿನ ಆಚೆಗೆ ಶ್ರೀಧರ್‌ಗೇ ಕೊಟ್ಟಳು.

“ನೀವೇ ಓದಿ ಸ್ವಾಮಿ” ಎಂದಳು. “ತಾರೀಕು ಎರಡ್ ಸಲ ಓದಿ.”