ಪೈಲಟಮ್ಮನ ಥರ್ಮೊಕೋಲ್ ವಿಮಾನ

ಮೊದಲು ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಪೈಲಟಮ್ಮ ಆದದ್ದು ಆಮೇಲೆ. ಈಗಲೂ ಯಾರಾದರೂ ಹಳೆಯ ಗಿರಾಕಿ ಪ್ಯಾಂಟಿನ ಜೇಬು ಹೊಲಿಸಲು ಬಂದು ಪೈಲಟಮ್ಮ ಎಂದು ಕೂಗಿದರೆ, ಮೆಷಿನ್ನಿನ ಪೆಡಲಿನ ಮೇಲೆ ಆಕೆಯ ಕಾಲು ಒಂದು ಗಳಿಗೆ ನಿಂತುಬಿಡುತ್ತದೆ.

ಆಗ ಆಕೆ, ಗಂಡ, ಅತ್ತೆ ಇದ್ದದ್ದು ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಅತ್ತೆಯ ಮಂಚ. ಹಿಂದಿನದರಲ್ಲಿ ಒಲೆ, ಪಾತ್ರೆಪಗಡ, ಗಂಡನ ಸ್ಪ್ಯಾನರುಗಳು. ಗಂಡ ಫ್ರಿಜ್ ರಿಪೇರಿ ಮಾಡುತ್ತಿದ್ದ. ಕೆಟ್ಟ ಯಂತ್ರದ ಮುಂದೆ ಕೂತರೆ ಊಟದ ಹೊತ್ತೂ ಗೊತ್ತಾಗದ ಜೀವ. ಒಂದು ದಿನ ಫೋಟೋ ಸ್ಟುಡಿಯೋದವರ ಫ್ರಿಜ್ ಸರಿಮಾಡಿ ಬಂದವನ ಕೈಯಲ್ಲಿ ಕೂಲಿಯ ಬದಲು ಒಂದು ರಟ್ಟಿನ ಡಬ್ಬವಿತ್ತು. ಆಟದ ವಿಮಾನ ಹಾರಿಸುವ ರಿಮೋಟು, ಅದರ ಜೊತೆಯ, ವಿಮಾನದ ಬಾಲ ಅಲುಗಿಸುವ ಎರಡು ಪುಟ್ಟ ಮೋಟಾರು. ಸ್ಟುಡಿಯೋದವರ ತಮ್ಮ ಯಾವಾಗಲೋ ಅಟ್ಟಕ್ಕೆ ಎಸೆದದ್ದಂತೆ. ಏರಿಯಲ್ಲು ಮುರಿದಿತ್ತು. ವಿಮಾನವಂತೂ ಇರಲೇ ಇಲ್ಲ.

ಫ್ರಿಜ್ ರಿಪೇರಿಗೆ ಹೋದವನು ಇವತ್ತು ಇದನ್ನು ತಂದ, ನಾಳೆ ಬುಗುರಿ ತರುತ್ತಾನೆ ಎಂದು ಅತ್ತೆ ಮಂಚದ ಮೇಲಿಂದಲೇ ಗೊಣಗಿದರು. ಆಕೆಗೂ ಒಳಗೊಳಗೇ ಸಿಟ್ಟು ಬಂದಿತ್ತು. ಆದರೆ ಗಂಡ ಆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ರೀತಿ ನೋಡಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ವಿಮಾನ ಮಾಡುವ ಕೆಲಸ ಹೀಗೆ ಶುರುವಾಯಿತು. ಹೊಸ ಫ್ರಿಜ್ಜುಗಳ ಜೊತೆ ಬರುವ ಬಿಳಿ ಥರ್ಮೊಕೋಲನ್ನು ಅಂಗಡಿಯವರು ಹೊರಗೆ ಬಿಸಾಡುತ್ತಿದ್ದರು, ಗಂಡ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದ. ಕೆಟ್ಟ ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಬಿಲ್ಲಿನಂತೆ ಬಿಗಿದು, ಬ್ಯಾಟರಿಯಿಂದ ಕಾಯಿಸಿ, ಅದರಲ್ಲೇ ರೆಕ್ಕೆ ಕೊಯ್ದ. ರೆಕ್ಕೆಯ ಅಚ್ಚನ್ನು ರಟ್ಟಿನ ಮೇಲೆ ಬರೆದುಕೊಟ್ಟವಳು ಆಕೆ. ಅಂಗಿಯ ತೋಳು ಬರೆದಷ್ಟೇ ಸಲೀಸಾಗಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ. ಬಾಲ ಎಳೆಯುವುದಕ್ಕೆ ಸೈಕಲ್ಲಿನ ಕಡ್ಡಿ, ಆ ಕಡ್ಡಿ ಓಡಾಡುವುದಕ್ಕೆ ಖಾಲಿಯಾದ ಪೆನ್ನಿನ ರೀಫಿಲ್ಲು, ಮೈಗೆಲ್ಲ ಪಾರ್ಸಲ್ಲಿಗೆ ಅಂಟಿಸುವ ಕಂದು ಟೇಪು. ಮುರಿದ ಏರಿಯಲ್ಲಿನ ಜಾಗಕ್ಕೆ ಅತ್ತೆಯ ಹಾಳಾದ ಟ್ರಾನ್ಸಿಸ್ಟರಿನದು ಬಂತು. ಹೊಸದಾಗಿ ಕೊಂಡದ್ದು ಮೂತಿಯ ಪಂಖ ತಿರುಗಿಸುವ ಮೋಟಾರು ಮತ್ತು ಬ್ಯಾಟರಿ ಮಾತ್ರ. ಅವಕ್ಕಾಗಿ ಆ ವರ್ಷ ಆಕೆ ಹಳೇ ಚಪ್ಪಲಿಗೇ ಹೊಲಿಗೆ ಹಾಕಿಕೊಂಡು ದೂಡಿದಳು.

ಮೊದಲ ಭಾನುವಾರ ಊರಾಚೆಯ ಖಾಲಿ ಮೈದಾನದಲ್ಲಿ ವಿಮಾನ ನೆಟ್ಟಗೆ ಮೇಲೇರಿ, ಅಲ್ಲೇ ತಡವರಿಸಿ, ಬಾಲ ಕೆಳಗೆ ಮಾಡಿ ದೊಪ್ಪನೆ ಬಿತ್ತು. ಹಿಂಭಾಗ ಭಾರವಾಗಿತ್ತು. ಆಕೆ ಮೆಷಿನ್ನಿನ ದಾರ ಸುತ್ತುವ ಕಬ್ಬಿಣದ ಬಾಬಿನ್ನುಗಳನ್ನು ತಂದು ಮೂತಿಯೊಳಗೆ ತುರುಕಿದ ಮೇಲೆ ತೂಕ ಸರಿಹೋಯಿತು. ಆಮೇಲೆ ಹಾರಿದ್ದೇನೋ ಹಾರಿತು, ಆದರೆ ತಿರುಗಿ ಬರುವಾಗ ಎಡವಟ್ಟು. ವಿಮಾನ ನಮ್ಮತ್ತ ಮುಖ ಮಾಡಿದರೆ ಅದರ ಎಡ ನಮ್ಮ ಬಲವಾಗುತ್ತದೆ. ಗಂಡ ಗಾಬರಿಯಲ್ಲಿ ರಿಮೋಟಿನ ಕಡ್ಡಿಯನ್ನು ಅತ್ತ ತಳ್ಳಬೇಕಾದಾಗ ಇತ್ತ ತಳ್ಳುವನು, ವಿಮಾನ ನೆಲಕ್ಕೆ ಮೂಗು ಗುದ್ದುವುದು. ಪ್ರತಿ ವಾರ ಇದೇ ರಾಮಾಯಣ. ವಾರವಿಡೀ ಅಂಟಿಸುವುದು, ಭಾನುವಾರ ಮುರಿಯುವುದು. ಮೈದಾನದಲ್ಲಿ ವಾಕಿಂಗಿಗೆ ಬರುವವರು ನಿಂತು ನಗಲು ಶುರುಮಾಡಿದರು. ಅವನು ಚೂರುಗಳನ್ನು ಆಯ್ದು ಚೀಲಕ್ಕೆ ಹಾಕುತ್ತಿದ್ದ. ಆಕೆಯೂ ಬಗ್ಗಿ ಜೊತೆಗೆ ಆಯುತ್ತಿದ್ದಳು.

ವಿಮಾನವನ್ನು ಎಸೆಯುವವನು ಗಂಡ. ಅಷ್ಟು ಹೊತ್ತು ರಿಮೋಟು ಆಕೆಯ ಕೈಯಲ್ಲಿ, ಎಸೆದವನು ಓಡಿ ಬಂದು ಇಸಿದುಕೊಳ್ಳುತ್ತಿದ್ದ. ಒಂದು ಭಾನುವಾರ ಎಸೆದು ತಿರುಗುವಷ್ಟರಲ್ಲಿ ಕಾಲು ಗುಂಡಿಗೆ ಸಿಕ್ಕು ಅವನು ಮುಗ್ಗರಿಸಿ ಬಿದ್ದ. ವಿಮಾನ ಮೇಲಿದೆ, ರಿಮೋಟು ಆಕೆಯ ಹತ್ತಿರ. ಗಾಳಿ ಅದನ್ನು ಅರ್ಧ ಸುತ್ತು ತಿರುಗಿಸಿ ನೇರ ಆಕೆಯ ಕಡೆಗೇ ಅಟ್ಟಿತು. ಒಂದು ರೆಕ್ಕೆ ವಾಲಿತ್ತು. ಆಕೆ ಕಡ್ಡಿಯನ್ನು ವಾಲಿದ ಕಡೆಗೇ ಮೆಲ್ಲಗೆ ತಳ್ಳಿದಳು. ರೆಕ್ಕೆ ಮೇಲೆದ್ದಿತು. ವಿಮಾನ ತಲೆಯ ಮೇಲೆ ಹಾದು, ಸುತ್ತಿ, ಮತ್ತೆ ಬಂತು, ಮತ್ತೆ ಸುತ್ತಿತು. ಕೊನೆಗೆ ಹುಲ್ಲಿನ ಮೇಲೆ ಜಾರಿ ನಿಂತಾಗ ಒಂದು ಕಡೆಯೂ ಬಿರುಕಿರಲಿಲ್ಲ.

ಗಂಡ ಮೊಣಕಾಲಿನ ಮಣ್ಣು ಕೊಡವಿಕೊಂಡು ಬಂದ.

"ಎಲ್ಲಿ ಕಲ್ತೆ?"

"ಕಲಿಯೋದೇನ್ರಿ? ದಿನಾ ಮೇಜಿನ ಮೇಲೆ ಬಟ್ಟೆ ಉಲ್ಟಾ ಹಾಸ್ಕೊಂಡೇ ಗುರುತು ಮಾಡ್ತೀನಲ್ಲ. ಎಡದ ತೋಳು ಬಲಕ್ಕೆ ಕಾಣತ್ತೆ. ಇದೂ ಹಾಗೇ ಅನ್ನಿಸ್ತು."

ಮನೆಯ ತನಕ ಅವನು ವಿಮಾನ ಹೊತ್ತು ಮುಂದೆ ಮುಂದೆ ನಡೆದ. ತಾನು ಕೈ ಹಾಕಬಾರದಿತ್ತೇನೋ, ಅವನಿಗೆ ನೋವಾಯಿತೇನೋ ಎಂದು ಆಕೆ ಒದ್ದಾಡಿದಳು. ಮರುದಿನ ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ರಿಮೋಟು. ಅದಕ್ಕೆ ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿ ಹೊಲಿದಿದ್ದ. ಹೊಲಿಗೆ ಸೊಟ್ಟಂಬಟ್ಟ, ಅಳತೆ ಮಾತ್ರ ಸರಿಯಾಗಿ ಆಕೆಯದೇ.

ಆಮೇಲಿನ ಭಾನುವಾರಗಳನ್ನು ಆಕೆ ಯಾವತ್ತೂ ಮರೆತವಳಲ್ಲ. ಅವನು ಎಸೆಯುವುದು, ಆಕೆ ಹಾರಿಸುವುದು. ನಕ್ಕವರೇ ಪೈಲಟಮ್ಮ ಎಂದು ಕೂಗಿ ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆಯೂ ಮಡಚುವ ಕುರ್ಚಿ ಹೊರಿಸಿಕೊಂಡು ಬರತೊಡಗಿದರು. ಪಕ್ಕದಲ್ಲಿ ಯಾರೇ ನಿಂತರೂ ಹೇಳುತ್ತಿದ್ದರು:

"ಸೊಸೆ ಬಹಳ ಹಾರಾಡ್ತಾಳೆ ಅಂತ ಬೇರೆ ಅತ್ತೆಯಂದಿರು ದೂರ್ತಾರೆ. ನಾನು ಕುರ್ಚಿ ಹಾಕ್ಕೊಂಡು ನೋಡ್ತೀನಿ."

ಕೆಲವು ವರ್ಷಗಳ ನಂತರ ಮೈದಾನಕ್ಕೆ ಬೇಲಿಯ ಕಂಬಗಳು ಬಂದವು. ಗೋದಾಮು ಕಟ್ಟುತ್ತಾರಂತೆ ಎಂದು ತಿಳಿಯಿತು. ಕೊನೆಯ ಭಾನುವಾರ ವಿಮಾನ ಮೇಲೇರಿದ ಮೇಲೆ ಗಂಡ ಪಕ್ಕಕ್ಕೆ ಬಂದು, ಒಂದು ಸುತ್ತು ತನಗೂ ಕೊಡುತ್ತೀಯಾ ಎಂದು ಕೇಳಿದ. ಅವನು ತಾನೇ ಕೈಯಾರೆ ಮಾಡಿದ್ದನ್ನು ಹಾಗೆ ಸಂಕೋಚದಿಂದ ಕೇಳಿದ್ದನ್ನು ಕಂಡು ಆಕೆಗೆ ತಡೆಯಲಾಗಲಿಲ್ಲ. ಪಟ್ಟಿಯನ್ನು ಅವನ ಕುತ್ತಿಗೆಗೆ ಹಾಕಿ, ಹಿಂದೆ ನಿಂತು ಎರಡೂ ಮೊಣಕೈ ಹಿಡಿದುಕೊಂಡಳು.

"ಈ ಕಡೆ ಬರುವಾಗ ಎಡ ಬಲ ಯೋಚಿಸ್ಬೇಡಿ. ನೀವೇ ಒಳಗೆ ಕೂತಿದ್ದೀರಿ ಅಂದ್ಕೊಳ್ಳಿ."

ವಿಮಾನ ದೂರ ಹೋಯಿತು, ತಿರುಗಿತು, ಅವರತ್ತ ಬಂತು. ಅವನ ಮೊಣಕೈ ಬಿಗಿಯಾದದ್ದು ಆಕೆಗೆ ತಿಳಿಯಿತು, ಆಮೇಲೆ ಸಡಿಲಾದದ್ದೂ. ಅದು ತಲೆಯ ಮೇಲೆ ಸುಯ್ಯೆಂದು ದಾಟಿತು. ಇಳಿಸುವಾಗ ಮಾತ್ರ ಜೋರಾಗಿ ಬಡಿದು ರೆಕ್ಕೆ ನಡುವೆ ಎರಡಾಯಿತು. ಇಬ್ಬರೂ ನಕ್ಕರು. ಅದನ್ನು ಮತ್ತೆ ಅಂಟಿಸಲಿಲ್ಲ.

ಅತ್ತೆ ತೀರಿಕೊಂಡರು, ಮನೆ ಬದಲಾಯಿತು, ಸಾಗಿಸುವ ಗಡಿಬಿಡಿಯಲ್ಲಿ ರಿಮೋಟು ಎಲ್ಲಿ ಕಳೆಯಿತೋ ತಿಳಿಯದು. ಈಗಿನ ಮನೆಗೆ ತಾರಸಿಯಿದೆ. ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದ ಗಂಡ ಆಗಾಗ ಮೆಟ್ಟಿಲ ತುದಿಯಿಂದ ಇಣುಕಿ, ಇವತ್ತು ಒಳ್ಳೇ ಗಾಳಿ ಕಣೇ ಎನ್ನುತ್ತಾನೆ. ಆಕೆ ಮೆಷಿನ್ ನಿಲ್ಲಿಸಿ ಮೇಲೆ ಹೋಗುತ್ತಾಳೆ. ತಂತಿಯ ಮೇಲೆ ಅಂಗಿಗಳು ಯಾವ ದಿಕ್ಕಿಗೆ ಹಾರುತ್ತಿವೆ ಎಂದು ಇಬ್ಬರೂ ಸ್ವಲ್ಪ ಹೊತ್ತು ನೋಡುತ್ತ ನಿಲ್ಲುತ್ತಾರೆ.