ಒಂದು ಸೀಟಿನ ನಂಜೇಗೌಡರು

ನಿಮ್ಮ ದೊಡ್ಡ ತಾತನ ಬಲಗೈಯ ತೋರುಬೆರಳು ಮಡಚಿಕೊಂಡಿದ್ದನ್ನು ನಾನು ನೋಡಿದ್ದು ಕಡಿಮೆ. ಬಸ್ಸಿನ ಹಿಂಬಾಗಿಲ ಕಂಬಿಯನ್ನು ಎಡಗೈಯಲ್ಲಿ ಹಿಡಿದು, ಅರ್ಧ ಮೈಯನ್ನು ಹೊರಗೆ ಚೆಲ್ಲಿ, ಆ ಬೆರಳನ್ನು ಮೇಲಕ್ಕೆತ್ತಿ ಅವರು ಕೂಗುತ್ತಿದ್ದರು. "ಒಂದ್ ಸೀಟು, ಒಂದೇ ಸೀಟು! ಯಾರ್ರೀ ಒಬ್ರು? ಒಬ್ರೇ ಇರೋರು ಬನ್ನಿ!" ಇಬ್ಬರು ಓಡಿಬಂದರೆ ಒಬ್ಬರ ತೋಳು ಹಿಡಿದು ಒಳಗೆ ಎಳೆದುಕೊಂಡು, ಇನ್ನೊಬ್ಬರಿಗೆ ಆ ಬೆರಳಿನಿಂದಲೇ ಹಿಂದಿನ ಬಸ್ಸು ಬರುವ ದಾರಿ ತೋರಿಸುತ್ತಿದ್ದರು. ಆಮೇಲೆ ಸೀಟಿ, ಆಮೇಲೆ "ರೈಟ್."

ಅರಕಲಗೂಡಿನಿಂದ ಹೊಳೆನರಸೀಪುರದ ಮೇಲೆ ಹಾಸನಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಅವರು ಕಂಡಕ್ಟರ್ ಆಗಿದ್ದರು. ನನಗೆ ಭಾವ, ಎಂದರೆ ನಿಮ್ಮ ತಾತನ ಅಣ್ಣ. ಹೆಸರು ನಂಜೇಗೌಡ. ಆ ರಸ್ತೆಯ ಊರುಗಳಲ್ಲಿ ಬರೀ ಹೆಸರು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಒಂದ್ ಸೀಟಿನ ನಂಜೇಗೌಡ್ರು" ಎನ್ನಬೇಕಿತ್ತು.

ದೀಕ್ಷಾ, ಮನು, ನೀವಿಬ್ಬರೂ ಅವರನ್ನು ತುಂಬ ತಮಾಷೆಯ ಮನುಷ್ಯ ಎನ್ನುತ್ತೀರಿ. ತಿಥಿಯ ದಿನ ನೀವು ಅವರ ಮಾತುಗಳನ್ನು ಅನುಕರಿಸಿ ಎಲ್ಲರನ್ನೂ ನಗಿಸಿದಿರಿ. ಅಜ್ಜಿ ಮಾತ್ರ ಯಾಕೆ ನಗಲಿಲ್ಲ ಎಂದು ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆದರೆ ಬರುತ್ತದೇನೋ ಎಂದು ಕೂತಿದ್ದೇನೆ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತರು ಎಂಬ ಕಾರಣಕ್ಕೆ ಈಗ ಆಗುತ್ತದೆ ಎಂದು ಹೇಳಲಾರೆ.

ನನ್ನ ತವರೂರು ಮೊಸಳೆಯ ಶಾಲೆಯಲ್ಲಿ ಕಲಿತಷ್ಟು ಕಲಿತು, ಮದುವೆಯಾಗಿ ಈ ಮನೆಗೆ ಹೊರಟ ದಿನವೇ ಅವರ ಬೆರಳು ನನ್ನ ಮುಂದೆ ಎದ್ದಿತು. ಧಾರೆಯ ಮಾರನೆಯ ಬೆಳಿಗ್ಗೆ ಅವರ ಬಸ್ಸಿಗೇ ನಾವು ಹತ್ತಿದ್ದು. ನಿಮ್ಮ ತಾತನ ಪಕ್ಕದಲ್ಲಿ ಜಾಗವಿತ್ತು. ನಾನು ಕೂರುವಷ್ಟರಲ್ಲಿ ಭಾವ ಅಲ್ಲಿಗೆ ಬೇಲೂರಿನ ಕಡೆಯ ಒಬ್ಬ ವ್ಯಾಪಾರಿಯನ್ನು ಕೂರಿಸಿ, ನನ್ನನ್ನು ಹಿಂದೆ ಕೋಳಿಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಅಜ್ಜಿಯ ಪಕ್ಕಕ್ಕೆ ಕಳಿಸಿದರು. ನಾನು ತಲೆ ಬಗ್ಗಿಸಿ ಅಲ್ಲೇ ನಿಂತೆ. ಅವರು ಬಸ್ಸಿಗೆಲ್ಲ ಕೇಳುವಂತೆ ಹೇಳಿದರು.

"ಗಂಟಾಕಿದ್ದು ಮದ್ವೆ ಮನೇಲಿ ಕಣವ್ವ, ಬಸ್ಸಲ್ಲಲ್ಲ. ನಡೀ ಇಂದುಕ್ಕೆ!"

ಬಸ್ಸೆಲ್ಲ ನಕ್ಕಿತು. ನಿಮ್ಮ ತಾತನೂ ನಕ್ಕರು, ಪಾಪ, ಅಣ್ಣನ ಮುಂದೆ ಇನ್ನೇನು ಮಾಡುತ್ತಾರೆ. ಆ ಅಜ್ಜಿ ಬುಟ್ಟಿಯನ್ನು ಎತ್ತಿ ನನ್ನ ಹೊಸ ಸೀರೆಯ ಮೇಲೆ ಇಟ್ಟಳು. ನಮ್ಮೂರು ಬರುವವರೆಗೂ ಕೋಳಿ ನನ್ನ ಮುಖವನ್ನೇ ನೋಡುತ್ತಿತ್ತು.

ಖಾಲಿ ಸೀಟು ಕಂಡರೆ ಅವರಿಗೆ ಮೈಯಲ್ಲಿ ಮುಳ್ಳು ಚುಚ್ಚಿದಂತಾಗುತ್ತಿತ್ತು. ಗುಂಪು ಕಂಡರೂ ಅಷ್ಟೇ. ಜನ ಜೊತೆಯಾಗಿ ಕೂರಬೇಕೆಂದು ಕಾಯುವುದೇ ದಡ್ಡತನ ಎಂದು ಅವರ ಲೆಕ್ಕ. "ಗುಂಪು ಕಟ್ಕೊಂಡು ನಿಂತೋನು ನಿಂತೇ ಇರ್ತಾನೆ. ಒಂಟಿಯಾಗಿ ನುಗ್ದೋನು ಊಟ ಮಾಡ್ಕೊಂಡ್ ಬಂದಿರ್ತಾನೆ" ಎನ್ನುತ್ತಿದ್ದರು. ಅದು ಬರೀ ಮಾತಾಗಿರಲಿಲ್ಲ. ಚನ್ನರಾಯಪಟ್ಟಣದ ಕಲ್ಯಾಣ ಮಂಟಪಗಳಲ್ಲಿ ಊಟದ ಮನೆಯ ಬಾಗಿಲಿಗೆ ಅವರೇ ನಿಲ್ಲುತ್ತಿದ್ದರು. ಸಾಲಿನಲ್ಲಿ ಒಂದು ಎಲೆ ಖಾಲಿ ಕಂಡ ತಕ್ಷಣ ಬೆರಳು ಮೇಲಕ್ಕೆ. ಹೆಂಡತಿಯನ್ನು ಒಂದು ಕಡೆ, ನನ್ನನ್ನು ಇನ್ನೊಂದು ಕಡೆ, ಮಕ್ಕಳನ್ನು ಎಲ್ಲೋ ಗುರುತಿಲ್ಲದವರ ನಡುವೆ ತುರುಕುತ್ತಿದ್ದರು. ನನಗೆ ಅಪರಿಚಿತರ ಪಕ್ಕದಲ್ಲಿ ತುತ್ತು ಇಳಿಯುವುದಿಲ್ಲ. ಎಷ್ಟೋ ಮದುವೆಗಳಲ್ಲಿ ಪಾಯಸವನ್ನು ನೋಡಿಯಷ್ಟೇ ಎದ್ದಿದ್ದೇನೆ. ಅವರ ಹೆಂಡತಿಯನ್ನು, ನಿಮ್ಮ ದೊಡ್ಡಜ್ಜಿಯನ್ನು, ನಾನು ಅಕ್ಕ ಎನ್ನುತ್ತೇನೆ. ಆ ಅಕ್ಕ ಯಾವ ಮದುವೆಯಲ್ಲೂ ಗಂಡನ ಪಕ್ಕದಲ್ಲಿ ಕೂತು ಉಂಡವಳಲ್ಲ. ಕೇಳಿದರೆ, "ಊಟ ಬೇಗಾತಲ್ಲ ಬುಡು" ಎನ್ನುತ್ತಿದ್ದಳು.

ನೀವು ನಾಳೆ ಅಜ್ಜಿ ಒಂದೇ ಕಡೆ ಬರೆದಳು ಎನ್ನಬಾರದು. ಪರೀಕ್ಷೆಯ ಕಾಲದಲ್ಲಿ ಅವರು ಒಬ್ಬ ಹುಡುಗಿಯನ್ನೂ ರಸ್ತೆಯಲ್ಲಿ ಬಿಟ್ಟು ಬಂದವರಲ್ಲ. ದೊಡ್ಡ ದೊಡ್ಡ ಮನುಷ್ಯರನ್ನು ಎಬ್ಬಿಸಿ ಜಾಗ ಮಾಡಿಕೊಡುತ್ತಿದ್ದರು. ತಿಥಿಗೆ ಬಂದಿದ್ದ ಒಬ್ಬ ಟೀಚರಮ್ಮ ಅದನ್ನು ನೆನೆದು ಅತ್ತರು. ಅವರು ಅಳಲಿ. ಅವರ ಜೊತೆಯವರನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಏನೇ ಇದ್ದರೂ ಅಕ್ಕನಿಗೆ ಹೇಳಬೇಕು. ಅಕ್ಕ ಇಲ್ಲದಿದ್ದರೆ ಬಾಗಿಲ ಹಿಂದೆ ನಿಂತು ಕಂಬಕ್ಕೆ ಹೇಳಿದ ಹಾಗೆ ಹೇಳಬೇಕು. ಇಷ್ಟವಿದ್ದರೆ ಅವರು ಕೇಳಿಸಿಕೊಳ್ಳುತ್ತಿದ್ದರು. ಇದನ್ನು ತಿಳಿದುಕೊಂಡರೇ ಮುಂದಿನದು ನಿಮಗೆ ಅರ್ಥವಾಗುತ್ತದೆ.

ನಿಮ್ಮ ತಾತನಿಗೆ ಉಸಿರು ಕಟ್ಟುವ ಕಾಯಿಲೆ ಜೋರಾದ ಬೆಳಿಗ್ಗೆ ಹಾಸನದ ಆಸ್ಪತ್ರೆಗೆ ಹೊರಟೆವು. ಮೊದಲು ಬಂದದ್ದು ಭಾವನ ಬಸ್ಸು. ಮದುವೆಯ ಕಾಲ, ಬಸ್ಸು ತುಂಬಿತ್ತು. ಭಾವ ಯಾರನ್ನೋ ಎಬ್ಬಿಸಿ ತಮ್ಮನನ್ನು ಡ್ರೈವರ್ ಹತ್ತಿರ ಕೂರಿಸಿದರು. ನನ್ನನ್ನು ಹಿಂದಿನ ಉದ್ದ ಸೀಟಿಗೆ ತಳ್ಳಿದರು. ಬಿಸಿನೀರಿನ ಬಾಟಲಿ ನನ್ನ ಚೀಲದಲ್ಲಿತ್ತು. ನಿಮ್ಮ ತಾತನ ಕಾಲ ಬಳಿ ನೆಲದ ಮೇಲೆ ಕೂತರೂ ಸಾಕು ಎಂದು ನನಗೆ. ಪಕ್ಕದಲ್ಲಿದ್ದ ಹೆಂಗಸಿಗೆ, "ಅವ್ರ ಅತ್ರ ಓಗ್ಬೌದಾ ಕೇಳಿ" ಎಂದೆ. ಆಕೆ ಕೂಗಿ ಕೇಳಿದಳು.

ಭಾವ ಟಿಕೆಟ್ ಹರಿಯುತ್ತಲೇ ಹೇಳಿದರು: "ಒಂದ್ ಗಳಿಗೆ ದಾರಿಗೆ ಏನ್ ಜೊತೆ? ಆಸ್ನದಲ್ಲಿ ಇಳುದ್ಮೇಲೆ ಬೇಕಾದಷ್ಟು ಕೂತ್ಕೊಳ್ಳಿ."

ಹೊಳೆನರಸೀಪುರ ದಾಟಿದ ಮೇಲೆ ನಿಮ್ಮ ತಾತ ಹಿಂದಕ್ಕೆ ತಿರುಗಿ, ಹೆಬ್ಬೆರಳನ್ನು ಬಾಯಿಗೆ ತಂದು ನೀರು ಕೇಳಿದರು. ನಾನು ಎದ್ದು ನಿಂತೆ. ಜನದ ನಡುವೆ ಹೆಜ್ಜೆ ಇಡಲು ಆಗಲಿಲ್ಲ. ಬಾಟಲಿಯನ್ನು ಮುಂದಿನವರಿಗೆ ಕೊಟ್ಟೆ. ಅದು ತಲೆಗಳ ಮೇಲೆ ಕೈಯಿಂದ ಕೈಗೆ ಹೋಯಿತು. ಅವರು ಕುಡಿದು, ಸಿಕ್ಕಿತು ಎಂದು ತೋರಿಸಲು ಬಾಟಲಿಯನ್ನು ಮೇಲಕ್ಕೆ ಎತ್ತಿ ಹಿಡಿದರು. ನನಗೆ ಕಂಡದ್ದು ಅವರ ಕೈ ಮತ್ತು ಬಾಟಲಿ ಮಾತ್ರ. ಹಾಸನದಲ್ಲಿ ಇಳಿದ ತಕ್ಷಣ ಅವರನ್ನು ಆಸ್ಪತ್ರೆಯ ಒಳಗೆ ಕರೆದುಕೊಂಡು ಹೋದರು. ಸಂಜೆಯೊಳಗೆ ಎಲ್ಲ ಮುಗಿಯಿತು. ಬೇಕಾದಷ್ಟು ಕೂರುವುದು ನನಗೆ ಸಿಗಲಿಲ್ಲ.

ಭಾವ ತಮ್ಮನಿಗಾಗಿ ಎದೆ ಬಡಿದುಕೊಂಡು ಅತ್ತರು. ಸುಳ್ಳಿನ ಅಳು ಅಲ್ಲ, ಗೊತ್ತು. ಆ ಬಸ್ಸಿನ ಮಾತು ಮಾತ್ರ ಅವರಿಗೆ ಎಂದೂ ನೆನಪಾಗಲಿಲ್ಲ. ಅದೇ ನನಗೆ ಆಗದ್ದು.

ಇನ್ನು ನಿಮಗೆ ಗೊತ್ತಿರುವ ಕಥೆ, ಹೋದ ಬೇಸಿಗೆಯದು. ನಿಮ್ಮಪ್ಪ ನಮ್ಮೆಲ್ಲರನ್ನೂ ಬೆಂಗಳೂರು ದಾರಿಯ ಆ ದೊಡ್ಡ ಆಟದ ಪಾರ್ಕಿಗೆ ಕರೆದುಕೊಂಡು ಹೋದದ್ದು. ಎತ್ತರದಿಂದ ನೀರಿಗೆ ಜಾರುವ ದೋಣಿಯ ಮುಂದೆ ಕಬ್ಬಿಣದ ಕಂಬಿಗಳ ನಡುವೆ ಸಾಲು ಸುತ್ತಿ ಸುತ್ತಿ ನಿಂತಿತ್ತು. ಒಂದು ದೋಣಿಗೆ ಮೂರು ಜನ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಗೇಟು, ಅಲ್ಲಿ ಜನವೇ ಇಲ್ಲ. ಅದೇನೆಂದು ಭಾವ ಕೇಳಿದರು. ಕೆಲಸದ ಹುಡುಗಿ ಹೇಳಿದಳು.

"ಅದು ಸಿಂಗಲ್ ರೈಡರ್ ಸಾಲು ಸಾರ್. ಇಬ್ಬರು ಬಂದು ಕೂತರೆ ದೋಣೀಲಿ ಒಂದು ಜಾಗ ಖಾಲಿ ಉಳಿಯುತ್ತಲ್ಲ, ಅದಕ್ಕೆ ಈ ಸಾಲಿಂದ ಒಬ್ಬರನ್ನ ಕೂರಿಸ್ತೀವಿ. ಬೇಗ ಹೋಗಬಹುದು. ಆದರೆ ನಿಮ್ಮವರ ಜೊತೆ ಕೂರೋಕಾಗಲ್ಲ."

ಭಾವನ ಮುಖ ಆ ದಿನ ಅರಳಿದ ಹಾಗೆ ದೇವಸ್ಥಾನದಲ್ಲೂ ಅರಳಿದ್ದನ್ನು ನಾನು ಕಾಣೆ.

"ಕೇಳುದ್ರಾ! ನಾನು ಜೀವ್ಮಾನೆಲ್ಲ ಬಡ್ಕೊಂಡಿದ್ದು ಇದೇ ತಾನೆ? ಇಲ್ಲಿ ಬೋರ್ಡೇ ಆಕವ್ರೆ ಕಣ್ಲಾ!" ಎಂದು ನಿಮ್ಮಪ್ಪನ ಬೆನ್ನಿಗೆ ಹೊಡೆದರು. ಬೆರಳು ಎದ್ದಿತು. "ನಡೀರಿ, ಎಲ್ಲಾ ಒಬ್ಬೊಬ್ರೇ. ಮನು, ನೀನು ನನ್ನ ಇಂದೆ. ಆಮೇಲೆ ದೀಕ್ಷಾ."

ದೀಕ್ಷಾ, ನೀನು ನನ್ನ ಸೆರಗನ್ನು ಹಿಡಿದು, "ನಂಗೆ ಭಯ. ಅಜ್ಜಿ ನನ್ನ ಪಕ್ಕಾನೇ ಕೂರ್ಬೇಕು" ಎಂದೆ.

"ಅಳತೆ ಕಂಬುಕ್ಕಿಂತ ಎತ್ರ ಇದೀಯ, ಏನ್ ಭಯ? ನಿಮ್ಮಜ್ಜಿನೇ ಮೊದ್ಲು ಓಗ್ಲಿ ತಡಿ. ಅವ್ಳು ಒಂಟಿ ಎಂಗ್ಸು, ಅಭ್ಯಾಸ ಅದೆ. ಅವ್ಳಿಗೇ ಮಾಡ್ಸಿದಂಗೈತೆ ಈ ಸಾಲು!"

ನೀವು ಮಕ್ಕಳು ನಕ್ಕಿರಿ. ಪಕ್ಕದ ಸಾಲಿನ ಜನರೂ ನಕ್ಕರು. ಕೋಳಿಬುಟ್ಟಿಯ ದಿನದ ನಗುವೇ ಅದು. ನಾನು ಅಕ್ಕನ ಕಡೆ ನೋಡಲಿಲ್ಲ, ಕಂಬದ ಕಡೆಯೂ ನೋಡಲಿಲ್ಲ. ಅವರ ಮುಖವನ್ನೇ ನೋಡಿ ಹೇಳಿದೆ.

"ನಾವು ಇಬ್ರು. ಉದ್ದದ್ ಸಾಲಲ್ಲೇ ಬತ್ತೀವಿ."

ಈ ಮನೆಗೆ ಬಂದ ಮೇಲೆ ಅವರಿಗೆ ನಾನು ನೇರವಾಗಿ ಆಡಿದ ಮೊದಲ ಮಾತು. ದೀಕ್ಷಾ, ನಿನ್ನ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿದದ್ದು ಅದಕ್ಕೇ. ಭಾವ ನಿಮ್ಮಪ್ಪನ ಕಡೆ ತಿರುಗಿ, "ನಿಮ್ಮವ್ವುಂಗೆ ಬಿಸ್ಲು ನೆತ್ತಿಗೇರದೆ ಕಣ್ಲಾ" ಎಂದರು. ಮನುವನ್ನು ಕರೆದುಕೊಂಡು ಚಿಕ್ಕ ಗೇಟಿಗೆ ಹೋದರು. ಅವರ ಹಿಂದೆ ಹೊರಟಿದ್ದ ಅಕ್ಕ ಗೇಟಿನ ಹತ್ತಿರ ನಿಂತಳು. ಆಮೇಲೆ ತಿರುಗಿ ಬಂದು ನಮ್ಮ ಹಿಂದೆ ನಿಂತಳು.

"ಅಲ್ಲಿ ಯಾರ್ ಪಕ್ಕ ಕೂರ್ಸ್ತಾರೋ ಏನೋ. ನಿಮ್ಜೊತೇಗೇ ಬತ್ತೀನಿ ಕಣೆ" ಎಂದಳು.

ಸಾಲು ಹೇನಿನ ಹಾಗೆ ಹರಿಯುತ್ತಿತ್ತು. ಕಂಬಿಯ ಆಚೆಯಿಂದ ಭಾವ ತೊಯ್ದ ಪಂಚೆಯಲ್ಲಿ ಮತ್ತೆ ಮತ್ತೆ ಬಂದು, "ನಾನು ಇನ್ನೊಂದ್ ಸಲ ಓಗ್ಬಂದೆ! ನೀವಿನ್ನೂ ಇಲ್ಲೇ ಇದೀರಾ?" ಎಂದು ಅಣಕಿಸುತ್ತಿದ್ದರು. ಅಕ್ಕ ಸೊಂಟದ ಗಂಟಿನಿಂದ ಕಡಲೆಬೀಜ ತೆಗೆದು ನಮಗೆ ಕೊಟ್ಟಳು. ತವರಿನ ಸುದ್ದಿ, ಮೊಣಕಾಲಿನ ನೋವು, ನಿಮ್ಮ ತಾತ ಚಿಕ್ಕಂದಿನಲ್ಲಿ ಮಾಡುತ್ತಿದ್ದ ತಂಟೆ, ಎಲ್ಲ ಹೇಳಿದಳು. ಅವಳು ಅಷ್ಟು ಮಾತಾಡಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ನಮ್ಮ ದೋಣಿ ಬಂತು. ದೀಕ್ಷಾ ನಡುವೆ, ನಾವಿಬ್ಬರೂ ಆಚೆ ಈಚೆ. ಚಿಕ್ಕ ಗೇಟಿನ ತುದಿಯಲ್ಲಿ ಭಾವ ಬೆರಳೆತ್ತಿ ಮುಂದೆ ಬಂದರು. ಹುಡುಗಿ ಅವರನ್ನು ಕೈಯಿಂದ ತಡೆದಳು.

"ಇದರಲ್ಲಿ ಜಾಗ ಇಲ್ಲ ಸಾರ್. ಮೂವರೂ ಒಟ್ಟಿಗೇ ಇದಾರೆ."

ದೋಣಿ ಕೆಳಗೆ ಬಿದ್ದಾಗ ದೀಕ್ಷಾ, ನೀನು ಕಿರುಚಿದೆ, ಅಕ್ಕ ಕಿರುಚಿದಳು. ನಾನು ನಕ್ಕೆ.

ವಾಪಸು ಬರುವಾಗ ಹಿರೀಸಾವೆಯ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಭಾವ, "ನಾನು ಅಷ್ಟು ಸಲ ಓದೆ, ನಿಮ್ಮಜ್ಜಿ ಒಂದೇ ಸಲ. ಯಾರ್ಲಾ ಜಾಣ್ರು?" ಎಂದು ಕೇಳಿದರು. "ದೊಡ್ಡ ತಾತ!" ಎಂದು ಮನು ಕೂಗಿದ. ಕೂಗಲಿ ಬಿಡು ಮನು, ನಿನ್ನ ಮೇಲೆ ನನಗೆ ಬೇಸರವಿಲ್ಲ. ಭಾವನ ಪಕ್ಕ ಒಂದು ಕುರ್ಚಿ ಖಾಲಿ ಇತ್ತು. ಅಕ್ಕ ಬಂದು ನನ್ನ ಬೆಂಚಿನಲ್ಲೇ ಕೂತಿದ್ದಳು.

ಚಳಿಗಾಲದಲ್ಲಿ ಅವರ ಎದೆ ಕೆಟ್ಟಿತು. ಹಾಸನದ ಆಸ್ಪತ್ರೆಯೊಂದರಲ್ಲಿ ಐಸಿಯುಗೆ ಹಾಕಿದರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಕಾವಲಿನವನು ಹೇಳಿದ: "ಒಬ್ಬೊಬ್ರೇ ಓಗ್ಬೇಕು ಕಣಮ್ಮ. ಒಬ್ರು ಬಂದ್ಮೇಲೆ ಇನ್ನೊಬ್ರು."

ಮಕ್ಕಳೇ, ನನ್ನ ತುಟಿಯ ಮೇಲೆ ಒಂದು ಕೆಟ್ಟ ನಗು ಬಂತು. ಜೀವಮಾನವೆಲ್ಲ ಅವರು ಕೂಗಿದ್ದು ಇದನ್ನೇ ಅಲ್ಲವೇ? ಆದರೆ ಪಕ್ಕದಲ್ಲಿದ್ದ ಅಕ್ಕ ಬಾಗಿಲ ಕಡೆ ಹೆಜ್ಜೆ ಎತ್ತಲಿಲ್ಲ.

"ನಾನೊಬ್ಳೇ ಓಗಕಾಗಕಿಲ್ಲ ಕಣೆ" ಎಂದು ಅಕ್ಕ ನನ್ನ ಕೈ ಹಿಡಿದಳು.

ನಾನು ಕಾವಲಿನವನಿಗೆ ಹೇಳಿದೆ: "ನಾವು ಇಬ್ರು."

"ರೂಲ್ಸ್ ಇಲ್ಲಮ್ಮ."

"ಹಂಗಾರೆ ಕಾಯ್ತೀವಿ. ಇಬ್ರುನ್ನೂ ಬುಡೋವರ್ಗೂ ಇಲ್ಲೇ ನಿಂತಿರ್ತೀವಿ."

ಅವನು ನಮ್ಮಿಬ್ಬರ ಮುಖವನ್ನು ನೋಡಿದ. ಕುರ್ಚಿಯಿಂದ ಎದ್ದು, "ಬೇಗ ಬಂದ್ಬುಡಿ" ಎಂದು ಬಾಗಿಲು ತೆಗೆದ.

ಭಾವನ ಬಾಯಿಯ ಮೇಲೆ ಮಾಸ್ಕ್ ಇತ್ತು. ಕಣ್ಣು ತೆರೆದು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಬಹಳ ಕಷ್ಟಪಟ್ಟು ಬಲಗೈಯ ತೋರುಬೆರಳನ್ನು ಮೇಲಕ್ಕೆ ಎತ್ತಿದರು.

ಅದನ್ನು ಈಗ ಎಲ್ಲರೂ ಒಂದೊಂದು ರೀತಿ ಹೇಳುತ್ತಾರೆ. ದೇವರು ಒಬ್ಬನೇ ಎಂದು ತೋರಿಸಿದರು ಎನ್ನುತ್ತಾಳೆ ಅಕ್ಕ. ಒಂದು ಸಲ ಮನೆಗೆ ಕರೆದುಕೊಂಡು ಹೋಗಿ ಎಂದು ಕೇಳಿದರು ಎನ್ನುತ್ತಾನೆ ನಿಮ್ಮಪ್ಪ. ನನಗೆ ಗೊತ್ತು. ಇಬ್ಬರು ಬಂದಿದ್ದೀರಿ, ಒಬ್ಬಳು ಆಚೆ ನಡೀ ಎಂದು ಹೇಳಿದ್ದು. ಆ ಬೆರಳಿನ ಭಾಷೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಂಚದ ಪಕ್ಕದಲ್ಲಿ ಒಂದೇ ಒಂದು ಸ್ಟೂಲು ಇತ್ತು. ಎಳೆದು ಅಕ್ಕನನ್ನು ಕೂರಿಸಿದೆ. ಅವಳು ಒಂದು ಕಡೆಗೆ ಜರುಗಿ ನನಗೂ ಜಾಗ ಮಾಡಿದಳು. ಅವರು ಬೆರಳು ಇಳಿಸುವವರೆಗೂ ನಾವಿಬ್ಬರೂ ಆ ಒಂದು ಸ್ಟೂಲಿನ ಮೇಲೆ ಕೂತೇ ಇದ್ದೆವು.