ಠಾಣೆಯಲ್ಲೇ ಉಳಿದ ಬಂದೂಕು

ಮೊನ್ನೆ ಅಟ್ಟದಿಂದ ಇಳಿಸಿದ ಹಳೇ ಗೋಣಿಚೀಲ ಮಳೆಗೆ ನೆನೆದು ನಾತ ಹೊಡೆಯಿತು. ಆ ನಾತಕ್ಕೆ ಪಕ್ಕದ ಹೊಲದ ಅಣ್ಣ ನೆನಪಾದ. ಅವನು ನನ್ನ ಒಡಹುಟ್ಟಿದವನಲ್ಲ. ಬದುವಿನ ಆಚೆ ಅವನ ಹೊಲ, ಈಚೆ ನಮ್ಮದು, ಅಷ್ಟೇ ನಂಟು.

ದಿಬ್ಬೂರಹಳ್ಳಿಯಿಂದ ಆಚೆ, ಗುಡ್ಡದ ಬುಡದಲ್ಲಿ ನಮ್ಮೂರು. ಕಡಲೆಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿಗಳು ಇಳಿಯುತ್ತಿದ್ದವು. ಊರಿಗೆಲ್ಲ ಲೈಸೆನ್ಸ್ ಇದ್ದ ಬಂದೂಕು ಅವನದೊಂದೇ. ಒಂದು ವರ್ಷ ಹಂದಿಯೊಂದು ನನ್ನ ಗಂಡನ ತೊಡೆ ಸೀಳಿತು. ಅಣ್ಣ ಗಾಳಿಗೆ ಒಂದು ಗುಂಡು ಹಾರಿಸಿದ, ಹಂದಿ ಅವರನ್ನು ಬಿಟ್ಟು ಓಡಿತು. ಅವತ್ತಿನಿಂದ ಮನೆಗೊಂದು ಬಂದೂಕು ಇರಬೇಕು ಅಂತ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನೇ.

ಎಂಬತ್ತರ ದಶಕದ ಕೊನೆಯಿರಬೇಕು... ವರ್ಷ ಸರಿಯಾಗಿ ನೆನಪಿಲ್ಲ. ರೇಷ್ಮೆಹುಳುಗಳು ಕೊನೇ ಸಲ ಪೊರೆ ಬಿಟ್ಟು, ನಾವು ಹೇಳುವ ಹಾಗೆ ಕೊನೇ ಜ್ವರ ಎದ್ದಿದ್ದವು. ಆಗ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಬಿಸಿಲೇರುವ ಮುಂಚೆ ಕೊಯ್ಯದಿದ್ದರೆ ಸೊಪ್ಪು ಬಾಡುತ್ತದೆ. ಮಂಜು ಸುರಿಯುತ್ತಿತ್ತು. ತಲೆಗೆ ಗೋಣಿಚೀಲ ಮಡಚಿದ ಕೊಪ್ಪೆ ಹಾಕಿಕೊಂಡು, ಸೊಂಟ ಬಗ್ಗಿಸಿ ಹಿಪ್ಪುನೇರಳೆ ಸಾಲಿನಲ್ಲಿ ಕೊಯ್ಯುತ್ತಿದ್ದೆ. ಗಿಡಗಳ ನಡುವೆ ಕಂದು ಬೆನ್ನೊಂದು ಅಲುಗಿದ್ದು ಅಣ್ಣನಿಗೆ ಕಂಡಿತು. ಹಂದಿ ಅಂದುಕೊಂಡ. ಈ ಸಲ ಗಾಳಿಗೆ ಹೊಡೆಯಲಿಲ್ಲ.

ಗುಂಡು ಕೊಪ್ಪೆಯ ತುದಿ ಹರಿದುಕೊಂಡು ಹೋಯಿತು.

"ನಿನ್ ಕಣ್ಣಿಗೆ ಮಣ್ಣಾಕ! ನಾನು ಕಣೋ, ಹಂದಿಯಲ್ಲ!" ಅಂತ ಕಿರುಚಿದೆ. ತೆಲುಗಿನಲ್ಲೂ ಬೈದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಅವನು ಬದುವಿನ ಮೇಲೆ ಕುಸಿದು ಕೂತ. "ಬದುಕಿದ್ದೀಯಾ ತಾಯಿ?"

"ಸತ್ತೋಳು ಹಿಂಗೆ ಬೈತಾಳೇನಣ್ಣ?"

ಅವನು ನಗಲಿಲ್ಲ.

ಆಮೇಲೆ ಎಲೆಕ್ಷನ್ ಬಂತು. ಎಲೆಕ್ಷನ್ ಮುಂಚೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅಣ್ಣ ಒಪ್ಪಿಸಿದ. ಓಟು ಎಣಿಸಿ ತಿಂಗಳಾದರೂ ತರಲು ಹೋಗಲಿಲ್ಲ. ಅವನ ಹೆಂಡತಿ ಸುಮ್ಮನಿರಲಿಲ್ಲ. ಅವಳ ತಮ್ಮ ಹಂದಿ ತಿವಿದೇ ಸತ್ತವನು.

"ನಿಂದು ಗೋಣಿ ಹರೀತು, ನನ್ ತಮ್ಮ ಹೋದ. ಯಾವ್ದು ದೊಡ್ಡದು, ನೀನೇ ಹೇಳಮ್ಮ," ಎಂದು ನನ್ನನ್ನೇ ಕೇಳಿದಳು.

ಆದರೆ ಬಂದೂಕು ವಾಪಸು ಬಂದರೆ ಆ ಸೊಪ್ಪಿನ ತೋಟಕ್ಕೆ ನಾನು ಮತ್ತೆ ಹೇಗೆ ಹೋಗುವುದು? ಹೋಗದಿದ್ದರೆ ಹುಳು ಸಾಯುತ್ತವೆ.

ಒಂದು ದಿನ ಅಣ್ಣ ಬಂದೂಕಿನ ಕಾಗದಪತ್ರ ಹಿಡಿದು ಶಿಡ್ಲಘಟ್ಟದ ಬಸ್ಸು ಹತ್ತಿದ. ಸಂಜೆ ಬಸ್ಸು ಬರುವ ಹೊತ್ತಿಗೆ ನಾನೇ ಹೋಗಿ ನಿಂತಿದ್ದೆ. ಇಳಿದವನ ಕೈಯಲ್ಲಿ ನಾಲ್ಕು ಖಾಲಿ ಎಣ್ಣೆ ಡಬ್ಬ.

"ಬಂದೂಕೆಲ್ಲಣ್ಣ?"

"ಲೈಸೆನ್ಸೇ ಬೇಡ ಅಂತ ಬರ್ಕೊಟ್ಟೆ ಕಣಮ್ಮ. ಇನ್ಮೇಲೆ ಡಬ್ಬ ಬಡಿಯಣ."

"ಹಂದಿಗಳು ನಗ್ತವೆ," ಅಂದೆ. ಬಾಯಿ ಹಾಗಂದರೂ ಎದೆಯ ಮೇಲಿದ್ದ ಬೀಸುವ ಕಲ್ಲು ಇಳಿದ ಹಾಗಾಗಿತ್ತು. ಮಾರನೇ ದಿನ ಹಾಡಿಕೊಂಡು ಸೊಪ್ಪು ಕೊಯ್ದೆ. ಆ ಸಲ ಕಡಲೆಕಾಯಿ ಅರ್ಧ ಹಂದಿಗೇ ಹೋಯಿತು. ಅವನ ಹೆಂಡತಿ ಒಂದು ವರ್ಷ ನನ್ನನ್ನು ಮಾತಾಡಿಸಲಿಲ್ಲ.

ಈಗಲೂ ಬಂದೂಕು ಬೇಕೆಂದು ಅರ್ಜಿ ಬರೆದು ಸಹಿ ಕೇಳಲು ಬರುತ್ತಾರೆ. ಬೆಳೆ ಹೋದವರು, ಗಾಯವಾದವರು. ಅವರು ಹೇಳುವುದೂ ಸುಳ್ಳಲ್ಲ. ನಾನು ಸಹಿ ಹಾಕುವುದಿಲ್ಲ. ನಾಲ್ಕನೇ ಕ್ಲಾಸು ಓದಿದವಳಿಗೆ ಕಾನೂನು ಏನು ಗೊತ್ತು? ಕಿವಿಯ ಪಕ್ಕ ಹೋದ ಸದ್ದು ಗೊತ್ತು.

ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಯಿತು... ಡಬ್ಬ ಬಡಿಯುತ್ತಲೇ ಮುದುಕನಾದ. ಒಳ್ಳೇದು ಮಾಡ್ದೆ ಕಣಣ್ಣ ಅಂತ ಒಂದು ಮಾತು ನಾನು ಹೇಳಲಿಲ್ಲ. ಬೈದದ್ದನ್ನು ಮಾತ್ರ ಕೇಳಿಸಿಕೊಂಡು ಹೋದ.